ಕಾಲಡಿ ಒದ್ದೆ, ಗಾಜಿಗೆ ಜಿಡ್ಡು: ಹಳೇ ಕಾರಿನ ಹೀಟರ್ ಕಾಯಿಲ್ ಬದಲಿಸುವ ಬಗೆ

ಕಲಬುರಗಿಯಲ್ಲಿ ಕಾರಿನ ಹೀಟರ್ ರಿಪೇರಿ ಅಂದ್ರೆ ಮೊದಲು ಸಿಗುವುದು ನಗು. "ಹೀಟರ್ ಯಾಕ್ ಬೇಕ್ರೀ ಸರ ನಿಮಗ? ಮ್ಯಾಲೆ ಸೂರ್ಯ ಕುಂತಾನಲ್ಲ!" ಅಂತ ನಮ್ಮ ಮಿಸ್ತ್ರಿ ನಕ್ಕಿದ್ದು ಇನ್ನೂ ನೆನಪಿದೆ. ಮೇ ತಿಂಗಳಲ್ಲಿ 42–43 ಡಿಗ್ರಿ ಬಿಸಿಲು ಕಾಣುವ ಊರು, ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ನನ್ನ ಹಳೇ ಸಣ್ಣ ಕಾರಿನಲ್ಲಿ ಎಡಗಡೆ ಮ್ಯಾಟ್ ಒದ್ದೆಯಾಗಿತ್ತು. ರೇಡಿಯೇಟರಿನಲ್ಲಿ ನೀರು ದಿನಾ ಕಡಿಮೆಯಾಗುತ್ತಿತ್ತು. ನನಗೆ ಬಿಸಿ ಗಾಳಿ ಬೇಕಿರಲಿಲ್ಲ, ಸೋರುವುದು ನಿಲ್ಲಬೇಕಿತ್ತು.

ಹೀಟರ್ ಕಾಯಿಲ್ ಅಂದ್ರೆ ಒಂದು ಪುಟ್ಟ ರೇಡಿಯೇಟರ್. ದಪ್ಪ ನೋಟ್‌ಬುಕ್ಕಿನಷ್ಟು ಗಾತ್ರ. ಡ್ಯಾಶ್‌ಬೋರ್ಡಿನ ಹಿಂದೆ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂತಿರುತ್ತದೆ. ಎಂಜಿನ್‌ನಲ್ಲಿ ಸುಮಾರು 90 ಡಿಗ್ರಿಗೆ ಕಾದ ಕೂಲಂಟ್ (ಎಂಜಿನ್ ತಣ್ಣಗಿಡಲು ಸುತ್ತುವ ದ್ರವ) ಒಂದು ಪೈಪಿನಿಂದ ಒಳಗೆ ಬಂದು, ಇನ್ನೊಂದರಿಂದ ವಾಪಸ್ ಹೋಗುತ್ತದೆ. ಬ್ಲೋವರ್ ಗಾಳಿ ಅದರ ಮೂಲಕ ಹಾದು ಬೆಚ್ಚಗಾಗಿ ಕಾಲಿಗೂ ಮುಂದಿನ ಗಾಜಿಗೂ ಬರುತ್ತದೆ. ತುಂಬಾ ಕಾರುಗಳಲ್ಲಿ ನೀವು ಹೀಟರ್ ಹಾಕಿದರೂ ಹಾಕದಿದ್ದರೂ ಕೂಲಂಟ್ ಅದರೊಳಗೆ ಹರಿಯುತ್ತಲೇ ಇರುತ್ತದೆ. ನಾಬ್ ತಿರುಗಿಸಿದಾಗ ಒಳಗಿನ ತಗಡಿನ ಬಾಗಿಲು ಗಾಳಿಯ ದಾರಿ ಬದಲಿಸುತ್ತದೆ, ಅಷ್ಟೆ. ಹಾಗಾಗಿ ವರ್ಷಗಟ್ಟಲೆ ಹೀಟರ್ ಮುಟ್ಟದವರ ಕಾರಿನಲ್ಲೂ ಕಾಯಿಲ್ ತೂತಾಗುತ್ತದೆ.

ನಮ್ಮ ಕಡೆ ಬೇಗ ಕೆಡುವುದಕ್ಕೆ ಇನ್ನೊಂದು ಕಾರಣ ನೀರು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆ ನೆಲದಡಿಯೆಲ್ಲ ಸುಣ್ಣದ ಕಲ್ಲು. ಅದೇ ಕಲ್ಲು ಮನೆಗೆ ನೆಲಹಾಸಾಗುತ್ತದೆ, ಅದೇ ಸಿಮೆಂಟ್ ಆಗುತ್ತದೆ. ಬೋರ್ ನೀರಿನಲ್ಲಿ ಕರಗಿ ಬಂದು ನೀರು ಕಾಯಿಸುವ ಪಾತ್ರೆಗೆ ಬಿಳಿ ಪದರ ಕಟ್ಟುವುದೂ ಅದೇ. "ನೀರು ಹಾಕಿದ್ರೆ ಸಾಕ್ರೀ" ಅಂತ ರೇಡಿಯೇಟರಿಗೆ ಬೋರ್ ನೀರು ಸುರಿದರೆ ಆ ಪದರ ಕಾಯಿಲಿನ ಸಣ್ಣ ನಾಳಗಳೊಳಗೂ ಕಟ್ಟುತ್ತದೆ. ಒಂದು ಕಡೆ ಸುಣ್ಣ, ಇನ್ನೊಂದು ಕಡೆ ತುಕ್ಕು. ನನ್ನ ಕಾಯಿಲ್ ಹೊರತೆಗೆದು ಅಲ್ಲಾಡಿಸಿದಾಗ ಒಳಗಿನಿಂದ ಇಟ್ಟಿಗೆ ಬಣ್ಣದ ರಾಡಿ ಬಂತು, ಜೊತೆಗೆ ಮೊಟ್ಟೆ ಚಿಪ್ಪಿನಂಥ ಬಿಳಿ ಚೂರುಗಳು.

ಮೊದಲು ಗ್ಯಾರಂಟಿ ಮಾಡಿಕೊಳ್ಳಿ

ಮ್ಯಾಟ್ ಒದ್ದೆ ಆದ ಕೂಡಲೇ ಹೀಟರ್ ಕಾಯಿಲ್ ಮೇಲೆ ಅನುಮಾನ ಬೇಡ. ಏಸಿ ಓಡಿಸುವ ನಮ್ಮ ಊರಲ್ಲಿ ಜಾಸ್ತಿ ಸಲ ತಪ್ಪಿತಸ್ಥ ಏಸಿಯ ನೀರು ಹೊರಹೋಗುವ ಪೈಪು. ಅದು ಕಟ್ಟಿಕೊಂಡರೆ ನೀರು ಒಳಗೇ ಬೀಳುತ್ತದೆ. ಒಂದು ಬಿಳಿ ಟಿಶ್ಯೂ ಮ್ಯಾಟ್ ಕೆಳಗೆ ಒತ್ತಿ ನೋಡಿ. ಬಣ್ಣವಿಲ್ಲ, ವಾಸನೆಯಿಲ್ಲ, ಬೇಗ ಒಣಗಿತು ಅಂದ್ರೆ ಏಸಿ ನೀರು. ಹಸಿರೋ ಗುಲಾಬಿಯೋ ಬಣ್ಣವಿದ್ದು, ಬೆರಳಿಗೆ ಜಾರಿದರೆ ಕೂಲಂಟ್. ಬೋರ್ ನೀರೇ ತುಂಬಿದ ಕಾರಾದರೆ ತುಕ್ಕಿನ ಕಲೆ ಕಾಣುತ್ತದೆ. ನಾಲಿಗೆಗೆ ಮಾತ್ರ ತಾಗಿಸಬೇಡಿ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ವಿಷ.

ಬೇರೆ ಗುರುತುಗಳೂ ಇವೆ. ಬ್ಲೋವರ್ ಹಾಕಿದಾಗ ಬೆಲ್ಲದ ಪಾಕದಂಥ ವಾಸನೆ. ಮುಂದಿನ ಗಾಜಿನ ಒಳಗಡೆ ಒರೆಸಿದಷ್ಟೂ ಹರಡುವ ಜಿಡ್ಡು. ರಾತ್ರಿ ಎದುರಿನ ಲಾರಿ ಲೈಟು ಬಿದ್ದಾಗ ಆ ಜಿಡ್ಡಿನಿಂದ ರಸ್ತೆಯೇ ಕಾಣುವುದಿಲ್ಲ. ನನಗೆ ಮೊದಲು ಅನುಮಾನ ಬಂದದ್ದೂ ಕಮಲಾಪುರ ದಾಟಿ ಹುಮನಾಬಾದ್ ಕಡೆ ಹೋಗುವಾಗ, ಹೀಗೇ.

ಬೈಪಾಸ್ ಮಾಡಿದರೆ ಸಾಲದೆ?

ಮಿಸ್ತ್ರಿಗಳು ಹೇಳುವ ಮೊದಲ ಉಪಾಯ ಇದೇ. ಬಾನೆಟ್ ಕೆಳಗೆ, ಎಂಜಿನ್ ಹಿಂದಿನ ತಗಡಿನ ಗೋಡೆಯೊಳಗೆ ಎರಡು ರಬ್ಬರ್ ಹೋಸ್ ಹೋಗುತ್ತವೆ. ಎರಡನ್ನೂ ಬಿಚ್ಚಿ, ಒಂದಕ್ಕೊಂದು ಜೋಡಿಸಿದರೆ ಕೂಲಂಟ್ ಒಳಗೆ ಬರುವುದೇ ಇಲ್ಲ. ಹತ್ತು ನಿಮಿಷದ ಕೆಲಸ. ನಾನೇನೂ ಇದನ್ನು ಬೈಯುವುದಿಲ್ಲ. ಕಾರು ಊರೊಳಗೆ ಸೂಪರ್ ಮಾರ್ಕೆಟ್, ಸೇಡಂ ರಸ್ತೆ ಅಂತ ಓಡಾಡುವಷ್ಟೇ ಇದ್ದರೆ ಬೈಪಾಸ್ ಮಾಡಿ ಮರೆತುಬಿಡಿ. ಆದರೆ ಹೋಸಿನ ಬಾಯಿಗೆ ಬೋಲ್ಟ್ ತುರುಕಿ ಬಂದ್ ಮಾಡಲು ಬಿಡಬೇಡಿ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ (ಎಂಜಿನ್ ಕಾಯುವ ತನಕ ರೇಡಿಯೇಟರಿನ ದಾರಿ ಮುಚ್ಚಿಡುವ ವಾಲ್ವ್) ಮುಚ್ಚಿರುವಾಗ ಕೂಲಂಟ್ ಸುತ್ತುವುದು ಹೀಟರ್ ದಾರಿಯಿಂದಲೇ. ದಾರಿ ಕಟ್ಟಿದರೆ ಎಂಜಿನ್ ಒಂದು ಕಡೆ ಮಾತ್ರ ಕಾಯುತ್ತದೆ.

ನಾನು ಬೈಪಾಸಿಗೆ ನಿಲ್ಲದಿರಲು ಎರಡು ಕಾರಣ. ಒಂದು, ಬೀದರ್. ಅಲ್ಲಿ ಮಗಳ ಮನೆ. ಡಿಸೆಂಬರ್‌ನಲ್ಲಿ ಬೆಳಗಿನ ಜಾವ ಹೊರಟರೆ ಮುಂದಿನ ಗಾಜು ಒಳಗಿನಿಂದ ಮಂಜುಗಟ್ಟುತ್ತದೆ. ಬೆಚ್ಚಗಿನ ಒಣ ಗಾಳಿ ಬಿಟ್ಟರೆ ಎರಡು ನಿಮಿಷಕ್ಕೆ ಸ್ವಚ್ಛ. ಇಲ್ಲದಿದ್ದರೆ ಒಂದು ಕೈಯಲ್ಲಿ ಬಟ್ಟೆ, ಒಂದು ಕೈಯಲ್ಲಿ ಸ್ಟೇರಿಂಗ್. ಎರಡನೆಯದು ಬೇಸಿಗೆ. ದಾರಿಯಲ್ಲಿ ಟೆಂಪರೇಚರ್ ಮುಳ್ಳು ಮೇಲೇರಿದರೆ ಏಸಿ ಆರಿಸಿ, ಹೀಟರ್ ಪೂರ್ತಿ ತಿರುಗಿಸಿ, ಬ್ಲೋವರ್ ಜೋರಾಗಿ ಇಡಿ. ಎಂಜಿನ್‌ನ ಕಾವು ಈ ಪುಟ್ಟ ರೇಡಿಯೇಟರಿನಿಂದಲೂ ಹೊರಹೋಗುತ್ತದೆ. ಮೇ ತಿಂಗಳಲ್ಲಿ ಮುಖಕ್ಕೆ ಬಿಸಿ ಗಾಳಿ ಊದಿಸಿಕೊಂಡು ಹೋಗುವುದು ಶಿಕ್ಷೆಯೇ. ಆದರೂ ಗಾಡಿ ನಿಲ್ಲಿಸಲು ನೆರಳು ಸಿಗುವ ತನಕ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಉಳಿಯುತ್ತದೆ.

ಸಾಮಾನು

ಕಾಯಿಲ್ ಬೆಲೆ ದೊಡ್ಡದಲ್ಲ, ಕೂಲಿ ದೊಡ್ಡದು. ಚಾಸಿ ನಂಬರ್ ಬರೆದುಕೊಂಡು ಅಂಗಡಿಗೆ ಹೋಗಿ. ಒಂದೇ ಮಾಡೆಲಿನಲ್ಲೂ ವರ್ಷಕ್ಕೆ ತಕ್ಕಂತೆ ಪೈಪಿನ ಬಾಗು ಬದಲಾಗಿರುತ್ತದೆ. ಗುಜರಿಯಿಂದ ಬಿಚ್ಚಿದ ಹಳೇ ಕಾಯಿಲ್ ಬೇಡವೇ ಬೇಡ, ಅದಕ್ಕೂ ನಿಮ್ಮದರಷ್ಟೇ ವಯಸ್ಸು. ಎರಡು ಹೊಸ ಹೋಸ್, ನಾಲ್ಕು ಕ್ಲಾಂಪ್, ಅಂಟುವ ಫೋಮ್ ಪಟ್ಟಿ, ಕೂಲಂಟ್ ಜೊತೆಗೇ ತನ್ನಿ. 8, 10, 12 ನಂಬರಿನ ಸಾಕೆಟ್ ಪಾನಾ, ಉದ್ದನೆಯ ಸ್ಟಾರ್ ಸ್ಕ್ರೂಡ್ರೈವರ್, ಪಕ್ಕಡ್, ಟಾರ್ಚ್ ಇದ್ದರೆ ಜಾಸ್ತಿ ಕೆಲಸ ಆಗುತ್ತದೆ.

ಸ್ಟೇರಿಂಗಿನಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ ಈ ಕೆಲಸ ಮನೆಯಲ್ಲಿ ಬೇಡ. ಕೆಲವು ಕಾರುಗಳಲ್ಲಿ ಏಸಿಯ ಕೂಲಿಂಗ್ ಕಾಯಿಲ್ ಮತ್ತು ಹೀಟರ್ ಕಾಯಿಲ್ ಒಂದೇ ಡಬ್ಬಿಯಲ್ಲಿರುತ್ತವೆ. ಅಂಥದ್ದಾದರೆ ಮೊದಲು ಏಸಿ ಮೆಕ್ಯಾನಿಕ್ ಹತ್ತಿರ ಹೋಗಿ ಮಷೀನಿನಿಂದ ಗ್ಯಾಸ್ ತೆಗೆಸಿ. ಏಸಿ ಪೈಪನ್ನು ನೀವೇ ಸಡಿಲಿಸಿದರೆ ಗ್ಯಾಸ್ ಚಿಮ್ಮಿ ಕೈಯ ಚರ್ಮ ಹೆಪ್ಪುಗಟ್ಟಿಸುತ್ತದೆ.

ಬಿಚ್ಚುವ ಕೆಲಸ

ಎಂಜಿನ್ ರಾತ್ರಿಯಿಡೀ ತಣ್ಣಗಾಗಿರಲಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿಯುವ ಕೂಲಂಟ್ ಮುಖಕ್ಕೆ ಬರುತ್ತದೆ. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ಹೀಟರ್ ನಾಬ್ ಬಿಸಿಯ ಕಡೆಗೆ ಪೂರ್ತಿ ತಿರುಗಿಸಿಡಿ. ರೇಡಿಯೇಟರ್ ಕೆಳಗಿನ ಪ್ಲಗ್ ಸಡಿಲಿಸಿ ಕೂಲಂಟನ್ನು ಅಗಲ ಬುಟ್ಟಿಗೆ ಇಳಿಸಿ. ಆ ಬುಟ್ಟಿ ಮುಚ್ಚಿಡಿ. ಓಣಿಯ ನಾಯಿ ಸಿಹಿ ಅಂತ ನೆಕ್ಕಿದರೆ ಸಾಯುತ್ತದೆ.

ಈಗ ಎರಡು ಹೀಟರ್ ಹೋಸ್. ಹದಿನೈದು ವರ್ಷ ಕೂತ ರಬ್ಬರ್ ಪೈಪಿಗೆ ಅಂಟಿಕೊಂಡಿರುತ್ತದೆ. ತಿರುಚಿ ಎಳೆಯಬೇಡಿ. ಹೇಗೂ ಹೊಸ ಹೋಸ್ ತಂದಿದ್ದೀರಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಾಳೆಸಿಪ್ಪೆಯ ಹಾಗೆ ಸುಲಿಯಿರಿ. ಒಳಗೆ ಉಳಿದ ಕೂಲಂಟನ್ನು ಒಂದು ಪೈಪಿಗೆ ಬಾಯಿಯಿಂದ ಊದಿ ಹೊರಹಾಕುವವರನ್ನು ನೋಡಿದ್ದೇನೆ. ಸೈಕಲ್ ಪಂಪು ಬಳಸಿ.

ಮುಂದಿನದು ತಾಳ್ಮೆಯ ಕೆಲಸ, ಡ್ಯಾಶ್‌ಬೋರ್ಡ್. ಕೆಲವೇ ಕಾರುಗಳಲ್ಲಿ ಕಾಲಿನ ಕಡೆಯಿಂದ ಮುಚ್ಚಳ ತೆಗೆದರೆ ಕಾಯಿಲ್ ಜಾರಿ ಬರುತ್ತದೆ. ನಿಮ್ಮದು ಅಂಥದ್ದಾದರೆ ಪುಣ್ಯವಂತರು. ನನ್ನದರಲ್ಲಿ ಗ್ಲೋವ್ ಬಾಕ್ಸ್, ರೇಡಿಯೋ, ಮೀಟರ್, ಕೊನೆಗೆ ಡ್ಯಾಶ್‌ಬೋರ್ಡ್ ಎಲ್ಲವೂ ಹೊರಬಂದವು. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಪ್ರತಿ ವೈರಿಗೂ ಅಂಟುಪಟ್ಟಿ ಹಚ್ಚಿ ನಂಬರ್ ಬರೆಯಿರಿ. ಸ್ಕ್ರೂಗಳಿಗೆ ಮೊಟ್ಟೆ ಟ್ರೇಗಿಂತ ಒಳ್ಳೇ ಜಾಗವಿಲ್ಲ. ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಳಿಗೆ ಹಾಕುತ್ತಾ ಹೋಗಿ.

ಎಲ್ಲ ಸ್ಕ್ರೂ ತೆಗೆದರೂ ಡ್ಯಾಶ್‌ಬೋರ್ಡ್ ಅಲುಗದಿದ್ದರೆ ಬಲ ಹಾಕಬೇಡಿ, ಇನ್ನೊಂದು ಸ್ಕ್ರೂ ಎಲ್ಲೋ ಇದೆ ಅಂತ ಅರ್ಥ. ನನಗೆ ಸಿಕ್ಕಿದ್ದು ಗಾಜಿನ ಅಂಚಿಗೆ, ಒಂದು ಪುಟ್ಟ ಮುಚ್ಚಳದ ಕೆಳಗೆ. ನಮ್ಮ ಬಿಸಿಲಿಗೆ ವರ್ಷಗಟ್ಟಲೆ ಒಣಗಿದ ಪ್ಲಾಸ್ಟಿಕ್ ಹಪ್ಪಳದಂತೆ ಮುರಿಯುತ್ತದೆ. ಬೆಳಗಿನ ಚಳಿಯಲ್ಲಿ ಇನ್ನೂ ಜಾಸ್ತಿ. ಅದಕ್ಕೆ ಕಾರನ್ನು ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿಸಿ, ಪ್ಲಾಸ್ಟಿಕ್ ಸ್ವಲ್ಪ ಮೆತ್ತಗಾದ ಮೇಲೆ ಕ್ಲಿಪ್ಪುಗಳಿಗೆ ಕೈ ಹಾಕಿ.

ಹೀಟರ್ ಡಬ್ಬಿಯ ಬೋಲ್ಟ್ ತೆಗೆದು, ನಾಬಿನಿಂದ ಬರುವ ತಂತಿ ಕೇಬಲನ್ನು ಎಲ್ಲಿ ಕ್ಲಿಪ್ ಮಾಡಿತ್ತು ಅಂತ ಗುರುತು ಹಾಕಿ ಬಿಚ್ಚಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಎಷ್ಟೇ ಊದಿದ್ದರೂ ಒಂದು ಲೋಟ ಕೂಲಂಟ್ ಚೆಲ್ಲಿಯೇ ಚೆಲ್ಲುತ್ತದೆ. ನನ್ನ ಡಬ್ಬಿಯೊಳಗೆ ಒಣಗಿದ ಬೇವಿನ ಎಲೆ, ಧೂಳು, ಒಂದು ಮುಷ್ಟಿ ತೊಗರಿ ಹೊಟ್ಟು ಇತ್ತು. ರಾಶಿ ಮಾಡುವ ದಿನ ಕಾರನ್ನು ಹೊಲದ ಪಕ್ಕ ನಿಲ್ಲಿಸಿದ್ದರ ಪ್ರಸಾದ.

ಹೊಸದನ್ನು ಕೂರಿಸುವಾಗ

ಹಳೇದರ ಪಕ್ಕ ಹೊಸದನ್ನಿಟ್ಟು ಉದ್ದ, ದಪ್ಪ, ಪೈಪಿನ ಬಾಗು ಅಳೆಯಿರಿ. ಬಕೆಟ್ ನೀರಿನಲ್ಲಿ ಮುಳುಗಿಸಿ, ಒಂದು ಪೈಪಿಗೆ ಬೆರಳಿಟ್ಟು, ಇನ್ನೊಂದರಿಂದ ಸೈಕಲ್ ಪಂಪಿನ ಗಾಳಿ ಮೆಲ್ಲಗೆ ಬಿಟ್ಟು ಗುಳ್ಳೆ ಬರುತ್ತದೆಯೇ ನೋಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ. ಕಾರಿನ ಕೂಲಂಟ್ ಒತ್ತಡ ಹೆಚ್ಚೆಂದರೆ 1 ಬಾರ್ ಆಸುಪಾಸು, ಕಂಪ್ರೆಸರಿನದು ಅದರ ಎಷ್ಟೋ ಪಟ್ಟು. ಹೊಸ ಕಾಯಿಲ್ ಅಲ್ಲೇ ಉಬ್ಬಿಹೋಗುತ್ತದೆ.

ಜನ ಬಿಟ್ಟುಬಿಡುವ ಒಂದು ಕೆಲಸ ಎಂಜಿನ್ ಕಡೆ ತೊಳೆಯುವುದು. ಎಂಜಿನ್‌ನಿಂದ ಬರುವ ಹೋಸಿನ ಬಾಯಿಗೆ ನೀರಿನ ಪೈಪು ಹಿಡಿದು, ತಿಳಿ ನೀರು ಬರುವ ತನಕ ಬಿಡಿ. ಇಲ್ಲದಿದ್ದರೆ ಎಂಜಿನ್‌ನಲ್ಲಿ ಉಳಿದ ರಾಡಿ ಹೊಸ ಕಾಯಿಲಿನ ನಾಳಗಳಿಗೇ ಬಂದು ಕೂರುತ್ತದೆ.

ಕಾಯಿಲಿನ ನಾಲ್ಕೂ ಅಂಚಿಗೆ ಫೋಮ್ ಪಟ್ಟಿ ಅಂಟಿಸಿ. ಸಂದು ಉಳಿದರೆ ಗಾಳಿ ಕಾಯಿಲಿನೊಳಗೆ ಹೋಗದೆ ಪಕ್ಕದಿಂದ ನುಸುಳುತ್ತದೆ. ಡಬ್ಬಿಯ ಬಾಗಿಲು ಪೂರ್ತಿ ಈ ಕಡೆಯಿಂದ ಆ ಕಡೆಗೆ ತಿರುಗುತ್ತದೆಯೇ ಕೈಯಿಂದಲೇ ನೋಡಿ, ಆಮೇಲೆ ಕೇಬಲ್ ಹಾಕಿ.

ಇಲ್ಲಿ ನಾನು ಮಾಡಿದ ತಪ್ಪು ಹೇಳಲೇಬೇಕು. ಮೊದಲ ಸಲ ಎಲ್ಲ ಜೋಡಿಸಿ, ಡ್ಯಾಶ್‌ಬೋರ್ಡ್ ಕೂರಿಸಿ, ಕೊನೆಯ ಸ್ಕ್ರೂ ಬಿಗಿದು, ಚಹಾ ಕುಡಿದು ಗಾಡಿ ಶುರು ಮಾಡಿದೆ. ಹತ್ತು ನಿಮಿಷಕ್ಕೆ ಕಾಲಡಿ ಮತ್ತೆ ಒದ್ದೆ. ಒಂದು ಕ್ಲಾಂಪ್ ಪೈಪಿನ ಉಬ್ಬಿನ ಹಿಂದೆ ಕೂರುವ ಬದಲು ಉಬ್ಬಿನ ಮೇಲೆಯೇ ಕೂತಿತ್ತು. ಪೂರ್ತಿ ಮತ್ತೆ ಬಿಚ್ಚಿದೆ. ಮನೆಯವಳು ಏನೂ ಅನ್ನಲಿಲ್ಲ, ರೊಟ್ಟಿ ಕೊಟ್ಟು ಒಳಗೆ ಹೋದಳು. ಏನಾದ್ರೂ ಅಂದಿದ್ರೇ ಚೆನ್ನಾಗಿರುತ್ತಿತ್ತು. ಆದ್ದರಿಂದ ಡ್ಯಾಶ್‌ಬೋರ್ಡ್ ಹಾಕುವ ಮೊದಲೇ ಹೋಸ್ ಜೋಡಿಸಿ, ಕೂಲಂಟ್ ತುಂಬಿ (ತುಂಬುವ ಬಗೆ ಕೆಳಗಿದೆ), ಮೀಟರಿನ ಪ್ಲಗ್ ಮಾತ್ರ ಹಾಕಿ ಅದನ್ನು ಸೀಟಿನ ಮೇಲಿಟ್ಟು ಎಂಜಿನ್ ಶುರು ಮಾಡಿ. ಬಿಚ್ಚಿದ ಬೇರೆ ವೈರುಗಳ ತುದಿ ತಗಡಿಗೆ ತಾಗದಂತೆ ಸುತ್ತಿಡಿ. ಕಾಯಿಲ್ ಬಿಸಿಯಾದ ಮೇಲೂ ಹದಿನೈದು ನಿಮಿಷ ಬಿಟ್ಟು, ಜೋಡಣೆಗಳ ಸುತ್ತ ಒಣ ಟಿಶ್ಯೂ ಒತ್ತಿ ನೋಡಿ.

ಗಾಳಿ ತೆಗೆಯುವುದು

ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧ-ಅರ್ಧ. ರೆಡಿ ಬೆರೆಸಿದ್ದಾದರೆ ಹಾಗೇ ಹಾಕಿ. "ನಮ್ಮಲ್ಲಿ ಹಿಮ ಬೀಳುತ್ತದೆಯೇ, ಕೂಲಂಟ್ ಯಾಕೆ" ಅಂತ ಕೇಳುವವರಿದ್ದಾರೆ. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ, ಅರ್ಧ ಬೆರೆಸಿದ ಕೂಲಂಟ್ ಸುಮಾರು 107ಕ್ಕೆ. ಮುಚ್ಚಳದ ಒತ್ತಡ ಸೇರಿದರೆ ಇನ್ನೂ ಮೇಲೆ. ಜೊತೆಗೆ ತುಕ್ಕು ತಡೆಯುತ್ತದೆ, ನಮಗೆ ಅದೇ ಮುಖ್ಯ.

ಕೂಲಂಟ್ ತುಂಬಿ ಒಳಗಿನ ಗಾಳಿ ತೆಗೆಯುವುದನ್ನೂ ಎಂಜಿನ್ ತಣ್ಣಗಿರುವಾಗಲೇ ಶುರು ಮಾಡಬೇಕು. ಸ್ವಲ್ಪ ಏರಿನಲ್ಲಿ ಕಾರಿನ ಮೂಗು ಮೇಲೆ ಮಾಡಿ ನಿಲ್ಲಿಸಿ. ಹೀಟರ್ ಪೂರ್ತಿ ಬಿಸಿಗೆ. ಮುಚ್ಚಳ ತೆಗೆದು ಎಂಜಿನ್ ಶುರು ಮಾಡಿ, ಗುಳ್ಳೆ ಬಂದು ಮಟ್ಟ ಇಳಿದಂತೆ ತುಂಬುತ್ತಾ ಹೋಗಿ. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ, ರೇಡಿಯೇಟರ್ ಫ್ಯಾನ್ ಒಂದೆರಡು ಸಲ ತಿರುಗಿ ನಿಲ್ಲುವ ತನಕ ಕಾಯಿರಿ. ಡ್ಯಾಶ್‌ಬೋರ್ಡಿನ ಹಿಂದೆ ಬಿಂದಿಗೆಯಿಂದ ನೀರು ಸುರಿದಂತೆ ಗಳಗಳ ಸದ್ದು ಬಂದರೆ ಒಳಗೆ ಇನ್ನೂ ಗಾಳಿ ಇದೆ. ತಣ್ಣಗಾದ ಮೇಲೆ ಮತ್ತೊಮ್ಮೆ ಮಾಡಿ.

ಇನ್ನು ಕಾರ್ಪೆಟ್. ನಮ್ಮ ಬಿಸಿಲಿಗೆ ಒಣಗುತ್ತದೆ ಬಿಡಿ ಅಂದುಕೊಳ್ಳಬೇಡಿ. ಗ್ಲೈಕಾಲ್ ಸುಲಭವಾಗಿ ಒಣಗುವ ವಸ್ತುವಲ್ಲ, ಗಾಳಿಯ ತೇವವನ್ನೇ ಎಳೆದುಕೊಂಡು ಹಸಿಯಾಗಿಯೇ ಇರುತ್ತದೆ. ಕೆಳಗಿನ ತಗಡು ತುಕ್ಕು ಹಿಡಿಯುತ್ತದೆ. ಕಾರ್ಪೆಟ್ಟನ್ನೂ ಅದರಡಿಯ ದಪ್ಪ ಫೆಲ್ಟನ್ನೂ ಹೊರತೆಗೆದು, ಸೋಪಿನ ನೀರಿನಲ್ಲಿ ಎರಡು ಸಲ ತೊಳೆದು, ಮಾಳಿಗೆಯ ಮೇಲೆ ಹರವಿ. ಗಾಜಿನ ಒಳಗಡೆಯ ಜಿಡ್ಡಿಗೆ ಸ್ವಲ್ಪ ವಿನೆಗರ್ ಬೆರೆಸಿದ ನೀರು, ಆಮೇಲೆ ಹಳೇ ಪೇಪರಿನಿಂದ ಉಜ್ಜಿ.

ಮ್ಯಾಟ್ ಹಾಕಲು ಅವಸರ ಬೇಡ. ಮೂರು ದಿನ ಹಾಗೇ ಓಡಿಸಿ. ದಿನಾ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡಿ, ಎಡಗಡೆ ಬಗ್ಗಿ ತಗಡಿನ ಮೇಲೆ ಕೈಯಾಡಿಸಿ. ಕೈಗೆ ಧೂಳು ಬಿಟ್ಟು ಬೇರೇನೂ ಹತ್ತದಿದ್ದರೆ ಹಾಕಿ.