ಬೈಕ್ ಸ್ಕ್ರೂ ತಲೆ ಸವೆಸದ ಬಿಟ್ ಆರಿಸುವುದು ಹೇಗೆ?

ಮುಂಗಾಲಿಯ ಡಿಸ್ಕ್ ಬ್ರೇಕ್‌ನ ಆಯಿಲ್ ಡಬ್ಬಿಯ ಮುಚ್ಚಳ ನೋಡಿ. ಎರಡು ಪುಟ್ಟ ಸ್ಟಾರ್ ಸ್ಕ್ರೂಗಳಿರುತ್ತವೆ. ನಾಲ್ಕೈದು ಮಳೆಗಾಲ ಕಂಡ ಬೈಕ್ ಆದರೆ ಅವುಗಳಲ್ಲಿ ಒಂದರ ತಲೆಯಾದರೂ ಸವೆದು ಬಟ್ಟಲಿನಂತಾಗಿರುತ್ತದೆ. ತುಕ್ಕನ್ನು ಬೈದು ಸುಮ್ಮನಾಗುವುದು ರೂಢಿ. ಆದರೆ ಹೆಚ್ಚಿನ ಸಲ ತಪ್ಪು ಕೈಯಲ್ಲಿದ್ದ ಬಿಟ್‌ನದು, ಅಂದರೆ ಸ್ಕ್ರೂಡ್ರೈವರ್ ಹಿಡಿಗೆ ಸಿಕ್ಕಿಸುವ ತುದಿಯದು.

ಹೋಂಡಾ, ಯಮಹಾ, ಸುಜುಕಿ ಬೈಕ್‌ಗಳಲ್ಲೂ ಜಪಾನಿ ವಿನ್ಯಾಸದ ಹಳೆಯ ಹೀರೊ ಹೋಂಡಾಗಳಲ್ಲೂ ಇರುವ ಸ್ಟಾರ್ ಸ್ಕ್ರೂ ಮೇಲ್ನೋಟಕ್ಕೆ ಎಲ್ಲೆಡೆ ಕಾಣುವ ಪ್ಲಸ್ ಗುಳಿಯ ಫಿಲಿಪ್ಸ್‌ ಸ್ಕ್ರೂನಂತೆಯೇ ಕಾಣುತ್ತದೆ. ಅದು ಜಪಾನಿನ ಜೆಐಎಸ್ ಅಳತೆಯದು. ಫಿಲಿಪ್ಸ್ ಬಿಟ್‌ನ ತುದಿ ಚೂಪು, ರೆಕ್ಕೆಗಳು ಸೇರುವ ಮೂಲೆ ದುಂಡು. ಜೆಐಎಸ್ ಗುಳಿಯಲ್ಲಿ ಆ ಮೂಲೆ ಚೊಕ್ಕವಾಗಿ ಕಡಿದಂತಿರುತ್ತದೆ. ಹಾಗಾಗಿ ಫಿಲಿಪ್ಸ್ ಬಿಟ್ ಪೂರ್ತಿ ಇಳಿಯುವ ಮೊದಲೇ ಅರ್ಧದಲ್ಲಿ ಕಚ್ಚಿ ನಿಲ್ಲುತ್ತದೆ. ತಿರುಗಿಸಿದರೆ ರೆಕ್ಕೆಯ ಅಂಚಷ್ಟೇ ಲೋಹಕ್ಕೆ ತಾಗುತ್ತದೆ, ಬಿಟ್ ಮೇಲಕ್ಕೆದ್ದು ಜಾರುತ್ತದೆ, ಜಾರುವಾಗ ಗುಳಿಯನ್ನು ಕೆರೆದುಕೊಂಡೇ ಹೋಗುತ್ತದೆ. ಅದೇ ಜೆಐಎಸ್ ಬಿಟ್ ಫಿಲಿಪ್ಸ್ ಸ್ಕ್ರೂನಲ್ಲೂ ಚೆನ್ನಾಗಿಯೇ ಕೂರುತ್ತದೆ. ಒಂದೇ ಕೊಳ್ಳುವುದಾದರೆ ಜೆಐಎಸ್ ಕೊಳ್ಳಿ.

<b>1. ಮೊದಲು ಬೈಕ್ ನೋಡಿ, ಆಮೇಲೆ ಅಂಗಡಿ</b>

ಸ್ಕ್ರೂ ತಲೆಯ ಮೇಲೆ ಗುಳಿಯ ಪಕ್ಕ ಸಣ್ಣ ಚುಕ್ಕೆ ಒತ್ತಿದ್ದರೆ ಅದು ಜೆಐಎಸ್. ಚುಕ್ಕೆ ಇಲ್ಲದ ಮಾತ್ರಕ್ಕೆ ಅಲ್ಲ ಎನ್ನಲಾಗದು. ಜಪಾನಿ ಬೈಕ್ ಆದರೆ ಜೆಐಎಸ್ ಎಂದೇ ಹಿಡಿಯಿರಿ. 3ರಿಂದ 5 ಮಿ.ಮೀ. ದಪ್ಪದ ಸ್ಕ್ರೂಗೆ 2ನೇ ನಂಬರ್ ಬಿಟ್. ಬ್ರೇಕ್ ಡಬ್ಬಿ, ಕಾರ್ಬ್ಯುರೇಟರ್ ಬೌಲ್, ಸ್ವಿಚ್ ಡಬ್ಬಿ ಎಲ್ಲವೂ ಸಾಮಾನ್ಯವಾಗಿ ಇದರಲ್ಲೇ ಬರುತ್ತವೆ. 6 ಮಿ.ಮೀ.ಗೆ 3ನೇ ನಂಬರ್. ಆರ್‌ಎಕ್ಸ್ 100 ಕಾಲದ ಬೈಕ್‌ಗಳ ಎಂಜಿನ್ ಕವರ್ ಸ್ಕ್ರೂಗಳನ್ನು 2ನೇ ನಂಬರ್‌ನಲ್ಲಿ ಬಿಚ್ಚಲು ಹೋಗಿಯೇ ಎಷ್ಟೋ ತಲೆಗಳು ಹಾಳಾಗಿವೆ. ಸಾಮಾನ್ಯ ಸೆಟ್‌ಗಳಲ್ಲಿ 2ನೇ ನಂಬರ್ ಬಿಟ್ ಮೂರ್ನಾಲ್ಕು ಇರುತ್ತವೆ, 3ನೇ ನಂಬರ್ ಎಷ್ಟೋ ಸಲ ಇರುವುದಿಲ್ಲ. ಅದನ್ನು ಬಿಡಿಯಾಗಿಯೇ ಕೇಳಬೇಕು.

ತಲೆಯಲ್ಲಿ ಆರು ಮೂಲೆಯ ಗುಳಿಯಿರುವ ಅಲೆನ್ ಬೋಲ್ಟ್ ಲೆಕ್ಕ ಸುಲಭ. ಉದ್ದ ತಲೆಯ 6 ಮಿ.ಮೀ. ಬೋಲ್ಟ್‌ಗೆ 5ರ ಬಿಟ್, 8ಕ್ಕೆ 6, 10ಕ್ಕೆ 8. ಗುಂಡಿಯಂಥ ಚಪ್ಪಟೆ ತಲೆಯದ್ದಾದರೆ ಬಿಟ್ ಇನ್ನೂ ಚಿಕ್ಕದು: 6ಕ್ಕೆ 4, 8ಕ್ಕೆ 5.

ಬಿಎಂಡಬ್ಲ್ಯೂ ಜಿ 310 ಅಥವಾ ಕೆಟಿಎಂ ನಿಮ್ಮದಾದರೆ ಆರು ದಳದ ಟಾರ್ಕ್ಸ್ ಬಿಟ್‌ಗಳೂ ಬೇಕು. ಟಿ25, ಟಿ27, ಟಿ30 ಕಣ್ಣಿಗೆ ಒಂದೇ ಥರ. ಟಿ25 ಸುಮಾರು 4.5 ಮಿ.ಮೀ., ಟಿ27 ಸುಮಾರು 5.1, ಟಿ30 ಸುಮಾರು 5.6. ಟಿ27 ಗುಳಿಗೆ ಟಿ25 ಹಾಕಿದರೆ ಮೊದಮೊದಲು ತಿರುಗೀತು, ಬಿಗಿಯಾದ ಬೋಲ್ಟ್ ಬಂದಾಗ ದಳ ಮುರಿಯುತ್ತದೆ.

<b>2. ಅಂಗಡಿಯಲ್ಲಿ ಕೇಳುವ ಮಾತು</b>

ನಮ್ಮಲ್ಲಿ ‘ಸ್ಟಾರ್’ ಎಂದರೆ ಫಿಲಿಪ್ಸ್. ಕೆಲವರಿಗೆ ಟಾರ್ಕ್ಸ್ ಕೂಡ ಸ್ಟಾರೇ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಬರೀ ‘ಸ್ಟಾರ್ ಬಿಟ್ ಕೊಡಿ’ ಎಂದರೆ ಏನು ಕೈಗೆ ಬರುತ್ತದೋ ಹೇಳಲಾಗದು. ‘ಜೆಐಎಸ್ ಪ್ಲಸ್, 2 ಮತ್ತು 3’ ಎನ್ನಿ, ‘ಟಾರ್ಕ್ಸ್ ಟಿ27’ ಎನ್ನಿ. ಎಲ್ಲಕ್ಕಿಂತ ಒಳ್ಳೆಯದು, ಬೈಕಿನಿಂದ ಬಿಚ್ಚಿದ ಒಂದು ಸ್ಕ್ರೂ ಜೇಬಿನಲ್ಲಿರಲಿ.

ಜೆಐಎಸ್‌ಗೆ ಜಪಾನಿನ ವೆಸೆಲ್, ಕೋಕೆನ್, ಆನೆಕ್ಸ್ ನಂಬಬಹುದು. ಟಾರ್ಕ್ಸ್ ಮತ್ತು ಅಲೆನ್‌ಗೆ ಜರ್ಮನಿಯ ವೇರಾ, ವೀಹಾ, ಸ್ವಿಟ್ಜರ್ಲೆಂಡಿನ ಪಿಬಿ. ಇವು ದುಬಾರಿ, ನಿಜ. ನೂರು ತುಂಡಿನ ಪೆಟ್ಟಿಗೆ ಬಿಟ್ಟು ಬೇಕಾದ ಆರೇಳನ್ನು ಬಿಡಿಯಾಗಿ ಕೊಂಡರೆ ಲೆಕ್ಕ ಸರಿಹೋಗುತ್ತದೆ.

<b>3. ಕೈಯಲ್ಲಿ ಹಿಡಿದು ಪರೀಕ್ಷಿಸಿ</b>

ಜೇಬಿನ ಸ್ಕ್ರೂವನ್ನು ಬಿಟ್‌ಗೆ ಸಿಕ್ಕಿಸಿ ಅಡ್ಡಲಾಗಿ ಹಿಡಿಯಿರಿ. ಬೀಳಬಾರದು, ಅಲುಗಾಡಿಸಿದರೆ ಕುಲುಕಬಾರದು. ಬಿಟ್‌ನಲ್ಲಿ ಅಯಸ್ಕಾಂತವಿದ್ದರೆ ಬೀಳದಿರುವುದಕ್ಕೆ ಅರ್ಥವಿಲ್ಲ, ಕುಲುಕಾಟ ಮಾತ್ರ ನೋಡಿ. ತುದಿಯಲ್ಲಿ ಕನ್ನಡಿಯಂತೆ ಹೊಳೆಯುವ ದಪ್ಪ ಕ್ರೋಮ್ ಲೇಪವಿದ್ದರೆ ಬೇಡ. ಅದು ಅಂಚುಗಳನ್ನು ದುಂಡಾಗಿಸುತ್ತದೆ, ಆಮೇಲೆ ಪದರವಾಗಿ ಏಳುತ್ತದೆ. ಬಿಟ್ ಮೇಲೆ ಗಟ್ಟಿ ಉಕ್ಕಿನ ಗುರುತಾದ ‘ಎಸ್2’ ಇದ್ದರೆ ಒಳ್ಳೆಯ ಸೂಚನೆ, ಆದರೆ ಅಕ್ಷರ ಅಚ್ಚೊತ್ತುವುದು ಯಾರಿಗೂ ಕಷ್ಟವಲ್ಲ.

ಅಲೆನ್ ಬಿಟ್ ಕೊಳ್ಳುವಾಗ ದಪ್ಪ ಅಳೆಯುವ ವರ್ನಿಯರ್ ಒಯ್ದರೆ ನಾಚಿಕೆ ಏನಿಲ್ಲ. 5ರ ಬಿಟ್ 4.95ಕ್ಕಿಂತ ಕಡಿಮೆ ಬಂದರೆ ವಾಪಸ್ ಕೊಡಿ. ಇಂಚು, ಮಿ.ಮೀ. ಬೆರೆಸಿದ ಅಗ್ಗದ ಸೆಟ್‌ಗಳಲ್ಲಿ 3/16 ಇಂಚಿನದು 4.76 ಮಿ.ಮೀ. ಇರುತ್ತದೆ, ಅವಸರದಲ್ಲಿ ಅದೇ 5ರ ಗುಳಿಗೆ ಹೋಗಿ ಮೂಲೆ ತಿನ್ನುತ್ತದೆ. ಗೋಲ ತುದಿಯ ಅಲೆನ್ ಬಿಟ್ ಸಡಿಲವಾದ ಬೋಲ್ಟನ್ನು ಓರೆಯಿಂದ ತಿರುಗಿಸಲಷ್ಟೇ. ಬಿಗಿಯಾದದ್ದನ್ನು ಅದರಿಂದ ಬಿಚ್ಚಲು ಹೋದರೆ ಕತ್ತು ಮುರಿದು ಗುಳಿಯಲ್ಲೇ ಉಳಿಯುತ್ತದೆ.

ಕಾರ್ಬ್ಯುರೇಟರ್ ಜೆಟ್‌ಗಳು, ಅಂದರೆ ಪೆಟ್ರೋಲ್ ಹಾಯುವ ಪುಟ್ಟ ತೂತಿನ ತಿರುಪುಗಳು, ಹಿತ್ತಾಳೆಯವು, ಮೃದು. ಚಪ್ಪಟೆ ಬಿಟ್‌ನ ಮುಖಗಳು ತುದಿಯ ಬಳಿ ಸಮಾನಾಂತರವಾಗಿರಬೇಕು, ಅಗಲ ಜೆಟ್‌ನ ಗೀರಿನಷ್ಟೇ ಇರಬೇಕು. ಬೆಣೆಯಾಕಾರದ ಸಾಮಾನ್ಯ ಸ್ಕ್ರೂಡ್ರೈವರ್ ಗೀರಿನ ಬಾಯಿಯನ್ನು ಹರಿದುಬಿಡುತ್ತದೆ.

<b>4. ಬಿಚ್ಚುವ ಕ್ರಮ</b>

ಗುಳಿಯಲ್ಲಿ ಕೂತ ಮಣ್ಣು, ಬಣ್ಣವನ್ನು ಸೂಜಿಯಿಂದ ಕೆರೆದು ತೆಗೆಯಿರಿ. ಮಣ್ಣಿದ್ದರೆ ಎಂಥ ಬಿಟ್ ಕೂಡ ಪೂರ್ತಿ ಇಳಿಯದು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಇಪ್ಪತ್ತು ನಿಮಿಷ ಬಿಡಿ. ಬಿಟ್ ನೆಟ್ಟಗೆ ಇಟ್ಟು, ಹಿಂಬದಿಗೆ ಸುತ್ತಿಗೆಯಿಂದ ಎರಡು ಮೂರು ಸಲ ಹಗುರವಾಗಿ ತಟ್ಟಿ. ನಂತರ ಮುಕ್ಕಾಲು ಬಲ ಒತ್ತುವುದಕ್ಕೆ, ಕಾಲು ಬಲ ತಿರುಗಿಸುವುದಕ್ಕೆ.

ಎಂಜಿನ್ ಕವರ್ ಸ್ಕ್ರೂ ಜಗ್ಗದಿದ್ದರೆ ಸುತ್ತಿಗೆಯಿಂದ ಹೊಡೆದರೆ ಬಿಟ್ಟನ್ನು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಬೇಕು. ಇದರ ಬಿಟ್ ಹೆಚ್ಚಾಗಿ 8 ಮಿ.ಮೀ. ದಪ್ಪ, ಸಾಮಾನ್ಯ ಬಿಟ್‌ನ 6.35 ಅಲ್ಲ, ಕೊಳ್ಳುವಾಗ ಇದನ್ನೂ ನೋಡಿಕೊಳ್ಳಿ. ಅದರ ಜೊತೆ ಬರುವ ಬಿಟ್‌ಗಳು ಸಾಮಾನ್ಯವಾಗಿ ಫಿಲಿಪ್ಸ್. ದಿಕ್ಕು ಬಿಚ್ಚುವ ಕಡೆಗಿದೆಯೇ ಎಂದು ಹೊಡೆಯುವ ಮೊದಲು ಒಮ್ಮೆ ಕೈಯಿಂದ ತಿರುಗಿಸಿ ಖಚಿತಪಡಿಸಿಕೊಳ್ಳಿ. ಬ್ರೇಕ್ ಡಬ್ಬಿಯ ಮೇಲೆ ಮಾತ್ರ ಇದನ್ನು ಬಳಸಬೇಡಿ, ಅಲ್ಯೂಮಿನಿಯಂ ಬಿರಿಯಬಹುದು. ಅಲ್ಲಿ ಗುಳಿಗೆ ಚಿಟಿಕೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ (ಮರಳಿನಂಥ ಪುಡಿ ಬೆರೆತ ಲೇಪ) ಹಚ್ಚಿದರೆ ಹಿಡಿತ ಸಿಗುತ್ತದೆ. ಮುಚ್ಚಳ ತೆಗೆಯುವ ಮುನ್ನ ಪೇಸ್ಟ್ ಚೆನ್ನಾಗಿ ಒರೆಸಿ. ಆ ಮರಳು ಬ್ರೇಕ್ ಆಯಿಲ್‌ಗೆ ಬಿದ್ದರೆ ಸೀಲುಗಳು ಹೋದಂತೆ. ಟ್ಯಾಂಕ್ ಮೇಲೆ ಬಟ್ಟೆ ಹಾಸಿರಿ, ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ.

ತಲೆ ಸವೆದ ಸ್ಕ್ರೂಗಳನ್ನು ಮತ್ತೆ ಹಾಕಬೇಡಿ, ಹಳೆಯದನ್ನು ತೋರಿಸಿ ಅದೇ ಉದ್ದದ ಹೊಸದು ತನ್ನಿ. ಮುಚ್ಚಳದ ಸ್ಕ್ರೂಗಳಿಗೆ ಸುಮಾರು ಒಂದೂವರೆ ನ್ಯೂಟನ್ ಮೀಟರ್ ಬಿಗಿ ಸಾಕು. ಹಿಡಿಯನ್ನು ಅಂಗೈಯಲ್ಲಿ ಹಿಡಿಯದೆ ಎರಡು ಬೆರಳಲ್ಲಿ ತಿರುಗಿಸಿ ನಿಂತಲ್ಲಿಗೆ ಬಿಟ್ಟರೆ ಹೆಚ್ಚುಕಡಿಮೆ ಅಷ್ಟೇ ಆಗಿರುತ್ತದೆ.