ಬ್ಲಾಕಿನೊಳಗೆ ಲೇಯರ್ ಜೋಡಿಸುವುದು ಹೇಗೆ?

ದಾವಣಗೆರೆಯಲ್ಲಿ ಮನೆ ಪ್ಲ್ಯಾನ್ ಮಾಡುವ ಯಾವ ಆಫೀಸಿಗೆ ಹೋದರೂ ಕಂಪ್ಯೂಟರಿನಲ್ಲಿ ಆಟೋಕ್ಯಾಡ್ ಬ್ಲಾಕುಗಳದ್ದೇ, ಅಂದರೆ ಬರೆದಿಟ್ಟ ಸಿದ್ಧ ಚಿತ್ರಗಳದ್ದೇ ಒಂದು ಫೋಲ್ಡರ್ ಇರುತ್ತದೆ. ಬಾಗಿಲು, ಕಿಟಕಿ, ಕಮೋಡ್, ಸಿಂಕ್, ಮಂಚ, ಕಾರು. ಶಾಮನೂರು ರಸ್ತೆಯ 30×40 ಸೈಟಿಗೂ ಅದೇ ಬಾಗಿಲು, ವಿದ್ಯಾನಗರದ 20×30 ಸೈಟಿಗೂ ಅದೇ ಬಾಗಿಲು. ಒಮ್ಮೆ ಬರೆದಿಟ್ಟರೆ ನೂರು ಕಡೆ ಬಳಸಬಹುದು. ಆದರೆ ಬ್ಲಾಕಿನ ಒಳಗೆ ಲೇಯರುಗಳು (ಒಂದೇ ಬಣ್ಣ, ದಪ್ಪ ಕೊಟ್ಟು ಒಟ್ಟಿಗೇ ಮರೆಮಾಡಬಹುದಾದ ಗೆರೆಗಳ ಪದರಗಳು) ಅಡ್ಡಾದಿಡ್ಡಿ ಇದ್ದರೆ ಆ ಗೋಜಲು ಕೂಡ ನೂರು ಕಡೆ ಹೋಗುತ್ತದೆ. ಎಲೆಕ್ಟ್ರಿಷಿಯನ್‌ಗೆ ಕೊಡುವ ಪ್ಲ್ಯಾನಿನಲ್ಲಿ ಬಾಗಿಲಿನ ನಂಬರ್ ಮರೆಮಾಡಲು ಹೋದರೆ ಬಾಗಿಲೇ ಮಾಯವಾಗುತ್ತದೆ. ಪ್ರಿಂಟ್ ತೆಗೆದರೆ ಬಾಗಿಲು ತಿರುಗುವ ಕಮಾನು ಗೋಡೆಗಿಂತ ದಪ್ಪ ಬರುತ್ತದೆ.

ಯುಬಿಡಿಟಿ, ಬಿಐಇಟಿ ಎಂಜಿನಿಯರಿಂಗ್ ಕಾಲೇಜು ಅಥವಾ ಪಾಲಿಟೆಕ್ನಿಕ್ ಮುಗಿಸಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಆಟೋಕ್ಯಾಡ್ ಕಮಾಂಡುಗಳು ಚೆನ್ನಾಗಿ ಬರುತ್ತವೆ. ಯಾವ ಗೆರೆ ಯಾವ ಲೇಯರಿನಲ್ಲಿ ಇರಬೇಕು ಅನ್ನೋದು ಮಾತ್ರ ಕೆಲಸ ಮಾಡುತ್ತಾ ಕಲಿಯುವ ವಿಷಯ. ಅದನ್ನು ಮೊದಲ ವಾರದಲ್ಲೇ ಕಲಿತುಬಿಟ್ಟರೆ ಮುಂದೆ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತದೆ.

ಮೊದಲು ಲೇಯರ್ 0 ಅರ್ಥ ಮಾಡಿಕೊಳ್ಳಿ

ಪ್ರತಿ ಡ್ರಾಯಿಂಗಿನಲ್ಲೂ 0 ಅನ್ನುವ ಲೇಯರ್ ಇದ್ದೇ ಇರುತ್ತದೆ. ಅದನ್ನು ಅಳಿಸಲು ಆಗುವುದಿಲ್ಲ, ಹೆಸರು ಬದಲಿಸಲೂ ಆಗುವುದಿಲ್ಲ. ಬ್ಲಾಕಿನ ವಿಷಯದಲ್ಲಿ ಇದರ ಗುಣ ಉಳಿದ ಲೇಯರುಗಳಿಗಿಂತ ಬೇರೆ. ಇದರಲ್ಲಿ ಬರೆದು, ಬಣ್ಣ, ಗೆರೆಯ ಬಗೆ, ದಪ್ಪ ಮೂರನ್ನೂ ಬೈಲೇಯರ್ (ಲೇಯರಿಗೆ ಇರುವುದೇ ಗೆರೆಗೂ) ಇಟ್ಟರೆ, ಬ್ಲಾಕನ್ನು ಯಾವ ಲೇಯರಿನಲ್ಲಿ ಇನ್ಸರ್ಟ್ ಮಾಡುತ್ತೀರೋ ಆ ಗೆರೆಗಳು ಅದರ ಗುಣವನ್ನೇ ತೆಗೆದುಕೊಳ್ಳುತ್ತವೆ. ಹೋದ ಮನೆಯ ಊಟವನ್ನೇ ಉಣ್ಣುವ ನೆಂಟರ ಹಾಗೆ. ಬೇರೆ ಹೆಸರಿನ ಲೇಯರಿನಲ್ಲಿ ಬರೆದ ಗೆರೆ ಹಾಗಲ್ಲ. ಬ್ಲಾಕನ್ನು ಎಲ್ಲಿ ಇಟ್ಟರೂ ಅದು ತನ್ನ ಲೇಯರಿನಲ್ಲೇ ಉಳಿಯುತ್ತದೆ.

ಬೈಬ್ಲಾಕ್ ಅಂತ ಇನ್ನೊಂದಿದೆ. ಇನ್ಸರ್ಟ್ ಮಾಡಿದ ಬ್ಲಾಕಿಗೆ ಪ್ರಾಪರ್ಟೀಸಿನಲ್ಲಿ ಕೆಂಪು ಕೊಟ್ಟರೆ ಒಳಗಿನ ಬೈಬ್ಲಾಕ್ ಗೆರೆಗಳೂ ಕೆಂಪಾಗುತ್ತವೆ. ಒಂದೇ ಮಂಚವನ್ನು ಒಂದು ಕಡೆ ಹಳೆಯದು, ಇನ್ನೊಂದು ಕಡೆ ಹೊಸದು ಎಂದು ತೋರಿಸಬೇಕಾದಾಗ ಇದು ಅನುಕೂಲ. ದಿನನಿತ್ಯದ ಕೆಲಸಕ್ಕೆ ಬೈಲೇಯರ್ ಸಾಕು.

ಒಂದು ಬಾಗಿಲನ್ನು ಬಿಡಿಸಿ ನೋಡೋಣ

3 ಅಡಿ ಬಾಗಿಲಿನ ಬ್ಲಾಕಿನಲ್ಲಿ ಮುಖ್ಯವಾಗಿ ಚೌಕಟ್ಟು, ಹಲಗೆ, ತಿರುಗುವ ಕಮಾನು, ಡಿ1 ಅನ್ನುವ ಗುರುತು ಇರುತ್ತವೆ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಇದನ್ನು ಯಾವತ್ತಾದರೂ ಬೇರೆಯಾಗಿ ಮರೆಮಾಡಬೇಕಾ, ಬೇರೆ ದಪ್ಪದಲ್ಲಿ ಪ್ರಿಂಟ್ ಮಾಡಬೇಕಾ? ಚೌಕಟ್ಟು, ಹಲಗೆ ಯಾವಾಗಲೂ ಜೊತೆಗೇ ಇರುತ್ತವೆ. ಅವೆರಡನ್ನೂ ಲೇಯರ್ 0ಯಲ್ಲಿ ಇಡಿ. ಕಮಾನು ತೆಳ್ಳಗೆ ಬರಬೇಕು. ಅದಕ್ಕೆ ‘ಡೋರ್-ಸ್ವಿಂಗ್’ ಲೇಯರ್ ಮಾಡಿ 0.13 ಮಿ.ಮೀ. ದಪ್ಪ ಕೊಡಿ. ಗುರುತು ಪ್ಲಂಬರನ ಹಾಳೆಯಲ್ಲಿ ಬೇಡ, ಬಡಗಿಯ ಹಾಳೆಯಲ್ಲಿ ಬೇಕೇ ಬೇಕು. ಅದು ‘ಡೋರ್-ಟೆಕ್ಸ್ಟ್’ ಲೇಯರಿಗೆ ಹೋಗಲಿ. ಇಡೀ ಬ್ಲಾಕನ್ನು ‘ಡೋರ್’ ಲೇಯರಿನಲ್ಲಿ ಇನ್ಸರ್ಟ್ ಮಾಡಿ.

ಇಷ್ಟಕ್ಕೇ ನಿಲ್ಲಿಸಿ. ಹಿಡಿಕೆಗೊಂದು, ಕೀಲಿಗೊಂದು ಲೇಯರ್ ಮಾಡುವುದು ನನ್ನ ಪ್ರಕಾರ ಸುಮ್ನೆ ಭಾರ. ಬ್ಲಾಕಿನೊಳಗೆ ಮೂರಕ್ಕಿಂತ ಜಾಸ್ತಿ ಲೇಯರ್ ಬೇಕು ಅನ್ನಿಸಿದರೆ ಮತ್ತೆ ಅದೇ ಪ್ರಶ್ನೆ ಕೇಳಿಕೊಳ್ಳಿ.

ಆಫ್ ಬೇರೆ, ಫ್ರೀಜ್ ಬೇರೆ

ಜಾಸ್ತಿ ಜನ ಎಡವುವುದು ಇಲ್ಲೇ. ‘ಡೋರ್’ ಲೇಯರನ್ನು ಆಫ್ ಮಾಡಿದರೆ ಲೇಯರ್ 0ಯಲ್ಲಿದ್ದ ಚೌಕಟ್ಟು, ಹಲಗೆ ಮಾತ್ರ ಕಾಣೆಯಾಗುತ್ತವೆ. ಕಮಾನು, ಗುರುತು ಹಾಗೇ ಉಳಿಯುತ್ತವೆ, ಯಾಕಂದ್ರೆ ಅವುಗಳ ಲೇಯರ್ ಬೇರೆ. ಅದೇ ‘ಡೋರ್’ ಲೇಯರನ್ನು ಫ್ರೀಜ್ ಮಾಡಿದರೆ ಒಳಗಿನ ಲೇಯರುಗಳು ಏನೇ ಇರಲಿ, ಪೂರ್ತಿ ಬ್ಲಾಕ್ ಕಾಣೆಯಾಗುತ್ತದೆ. ಪೂರಾ ಬಾಗಿಲು ಬೇಡವಾದರೆ ಇನ್ಸರ್ಟ್ ಮಾಡಿದ ಲೇಯರನ್ನು ಫ್ರೀಜ್ ಮಾಡಿ. ಗುರುತು ಮಾತ್ರ ಬೇಡವಾದರೆ ‘ಡೋರ್-ಟೆಕ್ಸ್ಟ್’ ಒಂದನ್ನೇ ಫ್ರೀಜ್ ಮಾಡಿ. ಹೊಸ ಬ್ಲಾಕ್ ಮಾಡಿದ ಕೂಡಲೇ ಈ ಎರಡೂ ಪರೀಕ್ಷೆ ಮಾಡಿ ನೋಡಿ, ಆಮೇಲೆ ಫೋಲ್ಡರಿಗೆ ಸೇರಿಸಿ.

ಬ್ಲಾಕಿನೊಳಗೆ ಬ್ಲಾಕ್ ಇದ್ದಾಗಲೂ ನಿಯಮ ಇದೇ. ಬಾತ್‌ರೂಮ್ ಬ್ಲಾಕಿನೊಳಗೆ ಕಮೋಡ್ ಬ್ಲಾಕ್ ಇದೆ ಅಂದುಕೊಳ್ಳಿ. ಕಮೋಡನ್ನು ‘ಪ್ಲಂಬಿಂಗ್’ ಲೇಯರಿನಲ್ಲಿ ಇಟ್ಟಿದ್ದರೆ ಅದರ ಲೇಯರ್ 0 ಗೆರೆಗಳು ಪ್ಲಂಬಿಂಗ್ ಗುಣ ಪಡೆಯುತ್ತವೆ. ಅದನ್ನೂ ಲೇಯರ್ 0ಯಲ್ಲೇ ಇಟ್ಟಿದ್ದರೆ ಅವು ಹೊರಗಿನ ಬಾತ್‌ರೂಮ್ ಬ್ಲಾಕ್ ಇರುವ ಲೇಯರಿನ ಗುಣ ಪಡೆಯುತ್ತವೆ.

ಹಳೆಯ ಬ್ಲಾಕ್ ಸರಿ ಮಾಡುವುದು

ಬೇರೆಯವರಿಂದ ಬಂದ ಬ್ಲಾಕನ್ನು ಹಾಗೇ ನಂಬಬೇಡಿ. ಬಿಎಡಿಟ್ ಕಮಾಂಡ್ ಕೊಟ್ಟು ಬ್ಲಾಕ್ ತೆರೆಯಿರಿ. ಎಲ್ಲ ಗೆರೆ ಸೆಲೆಕ್ಟ್ ಮಾಡಿ ಪ್ರಾಪರ್ಟೀಸ್ ನೋಡಿ. ಬಣ್ಣದ ಎದುರು ಬೈಲೇಯರ್ ಇಲ್ಲದೆ ಕೆಂಪು, ಹಳದಿ ಎಂದಿದ್ದರೆ ಬೈಲೇಯರ್ ಮಾಡಿ. ಬಣ್ಣದ ಮೇಲೆ ಪೆನ್ನಿನ ದಪ್ಪ ನಿಗದಿ ಮಾಡುವ ಸಿಟಿಬಿ ಫೈಲ್ ಬಳಸುವ ಆಫೀಸುಗಳಲ್ಲಿ ಕಮಾನು ಗೋಡೆಗಿಂತ ದಪ್ಪ ಬರಲು ಜಾಸ್ತಿ ಸಲ ಇದೇ ಕಾರಣ. ನಂತರ ಗೆರೆಗಳನ್ನು ಸರಿಯಾದ ಲೇಯರಿಗೆ ಹಾಕಿ, ಸೇವ್ ಮಾಡಿ, ಬಿಕ್ಲೋಸ್ ಕೊಡಿ. ಆ ಡ್ರಾಯಿಂಗಿನಲ್ಲಿ ಆ ಬಾಗಿಲು ಇರುವ ಕಡೆಯೆಲ್ಲ ಬದಲಾವಣೆ ಒಟ್ಟಿಗೇ ಆಗುತ್ತದೆ. ಗುರುತು ಆಟ್ರಿಬ್ಯೂಟ್ (ಪ್ರತಿ ಬಾಗಿಲಿಗೂ ಬೇರೆ ಬೇರೆಯಾಗಿ ತುಂಬಬಹುದಾದ ಬರಹ) ಆಗಿದ್ದರೆ ಮಾತ್ರ ಆಟ್‌ಸಿಂಕ್ ಕಮಾಂಡ್ ಕೂಡ ಕೊಡಬೇಕು. ಡಿ1, ಡಿ2 ಹಾಗೇ ಉಳಿಯುತ್ತವೆ, ಆದರೆ ಒಂದೊಂದೇ ಗುರುತಿಗೆ ಕೈಯಿಂದ ಮಾಡಿದ ಫಾರ್ಮ್ಯಾಟ್ ಬದಲಾವಣೆ ಅಳಿಸಿಹೋಗುತ್ತದೆ.

ತುಂಬಾ ಬ್ಲಾಕುಗಳಿದ್ದರೆ ಸೆಟ್‌ಬೈಲೇಯರ್ ಕಮಾಂಡ್ ಕೊಡಿ. ಬ್ಲಾಕುಗಳನ್ನೂ ಸೇರಿಸಬೇಕಾ ಎಂದು ಅದು ಕೇಳುತ್ತದೆ, ಹೌದು ಅನ್ನಿ. ಬೈಬ್ಲಾಕ್ ಬದಲಿಸಬೇಕಾ ಎಂದೂ ಕೇಳುತ್ತದೆ. ಬೇಕೆಂದೇ ಬೈಬ್ಲಾಕ್ ಇಟ್ಟಿದ್ದರೆ ಬೇಡ ಅನ್ನಿ.

ಒಂದೇ ಡ್ರಾಯಿಂಗಿನಲ್ಲಿ ‘ಡೋರ್’, ‘ಡೋರ್ಸ್’, ‘ಬಾಗಿಲು’ ಅಂತ ಮೂರು ಲೇಯರ್ ಸೇರಿಕೊಂಡಿರುವುದು ಸಾಮಾನ್ಯ. ಬ್ಲಾಕ್ ತರುವಾಗ ಅದರ ಲೇಯರುಗಳೂ ಜೊತೆಗೆ ಬರುವುದೇ ಕಾರಣ. ಅದೇ ಹೆಸರಿನ ಲೇಯರ್ ಮೊದಲೇ ಇದ್ದರೆ ನಿಮ್ಮ ಡ್ರಾಯಿಂಗಿನ ಬಣ್ಣ, ದಪ್ಪವೇ ನಿಲ್ಲುತ್ತದೆ. ಹಾಗಾಗಿ ಆಫೀಸಿಗೆಲ್ಲ ಒಂದೇ ಹೆಸರಿನ ಪಟ್ಟಿ ಇರಲಿ. ಸೇರಿಹೋದ ಹೆಸರುಗಳನ್ನು ಲೇಮರ್ಜ್ (LAYMRG) ಕಮಾಂಡಿನಿಂದ ಒಂದಾಗಿಸಬಹುದು, ಅದು ಬ್ಲಾಕಿನ ಒಳಗೂ ಕೆಲಸ ಮಾಡುತ್ತದೆ. ಬಳಕೆಯಲ್ಲಿಲ್ಲದ್ದನ್ನು ತೆಗೆದುಹಾಕುವ ಪರ್ಜ್ ಕಮಾಂಡ್ ಕೊಟ್ಟರೂ ಒಂದು ಲೇಯರ್ ಹೋಗದಿದ್ದರೆ ಯಾವುದೋ ಬ್ಲಾಕಿನೊಳಗೆ ಅದು ಬಳಕೆಯಲ್ಲಿದೆಯಾ ನೋಡಿ. ಆ ಬ್ಲಾಕ್ ಬೇಡದ್ದಾಗಿದ್ದರೆ ಮೊದಲು ಬ್ಲಾಕನ್ನು ಪರ್ಜ್ ಮಾಡಿ, ಆಮೇಲೆ ಲೇಯರನ್ನು.

ಬ್ಲಾಕನ್ನು ಬಿಡಿ ಗೆರೆಗಳಾಗಿ ಒಡೆಯಲು ಅವಸರದಲ್ಲಿ ಎಕ್ಸ್‌ಪ್ಲೋಡ್ ಮಾಡಬೇಡಿ. ಲೇಯರ್ 0 ಗೆರೆಗಳು ಮತ್ತೆ 0ಗೇ ಹೋಗುತ್ತವೆ, ಡಿ1 ಅನ್ನುವ ಬರಹ ಹೋಗಿ ಆಟ್ರಿಬ್ಯೂಟಿನ ಟ್ಯಾಗ್ (ಒಳಗಿನ ಹೆಸರು) ಕಾಣಿಸುತ್ತದೆ. ಒಡೆಯಲೇಬೇಕಾದರೆ ಎಕ್ಸ್‌ಪ್ರೆಸ್ ಟೂಲ್ಸ್‌ನ ಬರ್ಸ್ಟ್ ಬಳಸಿ. ಗೆರೆಗಳು ಬ್ಲಾಕ್ ಇದ್ದ ಲೇಯರಿಗೇ ಬರುತ್ತವೆ, ಬರಹವೂ ಉಳಿಯುತ್ತದೆ.

ಕೊನೆಯದಾಗಿ, ಸರಿಮಾಡಿದ ಬ್ಲಾಕುಗಳನ್ನೆಲ್ಲ ಒಂದೇ ಫೈಲಿನಲ್ಲಿ ಸೇವ್ ಮಾಡಿ, ಬೇಕಾದಾಗ ಎಳೆದು ಬಳಸಲು ಬ್ಲಾಕುಗಳನ್ನು ಜೋಡಿಸಿಡುವ ಟೂಲ್ ಪ್ಯಾಲೆಟ್‌ಗೆ ಎಳೆದಿಡಿ. ಅಲ್ಲಿ ಬ್ಲಾಕಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಲೇಯರ್ ಹೆಸರು ನಿಗದಿ ಮಾಡಬಹುದು. ಆಮೇಲೆ ಹೊಸಬರು ಯಾವ ಲೇಯರಿನಲ್ಲಿ ನಿಂತು ಎಳೆದರೂ ಬಾಗಿಲು ‘ಡೋರ್’ ಲೇಯರಿಗೇ ಬರುತ್ತದೆ. ಆ ಮೂಲ ಫೈಲನ್ನು ಮಾತ್ರ ಬೇರೆ ಫೋಲ್ಡರಿಗೆ ಸರಿಸಬೇಡಿ. ಪ್ಯಾಲೆಟ್ ಬ್ಲಾಕನ್ನು ಹುಡುಕುವುದು ಅದೇ ಜಾಗದಲ್ಲಿ.