ಚಾವಣಿಯ ಸೌರ ಫಲಕಗಳ ಮೇಲಿನ ಧೂಳನ್ನು ಗಮನಿಸುವ ಬಗೆ

ಬೆಂಗಳೂರಿನಲ್ಲಿ ಜನವರಿಯಿಂದ ಬೇಸಿಗೆಯ ಮಳೆ ಬೀಳುವವರೆಗೆ ಸೌರ ಫಲಕಗಳ ಮೇಲೆ ಧೂಳು ಸತತವಾಗಿ ಕೂರುತ್ತದೆ. ಪಕ್ಕದಲ್ಲಿ ಕಟ್ಟಡ ಅಥವಾ ಮೆಟ್ರೊ ಕಾಮಗಾರಿ ನಡೆಯುತ್ತಿದ್ದರೆ ಇನ್ನೂ ಬೇಗ. ಫಲಕಗಳನ್ನು ಚೆನ್ನಾಗಿ ತೊಳೆದ ನಂತರದ ಮೋಡವಿಲ್ಲದ ದಿನವೊಂದರ ವಿದ್ಯುತ್ ಉತ್ಪಾದನೆಯನ್ನು ಇನ್ವರ್ಟರ್ (ಫಲಕಗಳ ವಿದ್ಯುತ್ತನ್ನು ಮನೆಬಳಕೆಗೆ ತಕ್ಕಂತೆ ಬದಲಿಸುವ ಪೆಟ್ಟಿಗೆ) ನೋಡಿ ಬರೆದಿಟ್ಟುಕೊಳ್ಳಿ. ಆಮೇಲೆ ವಾರಕ್ಕೊಮ್ಮೆ, ಅಂಥದೇ ಬಿಸಿಲಿನ ದಿನದ ಅಂಕಿಯನ್ನು ಇದರೊಂದಿಗೆ ಹೋಲಿಸಿ. ಆದರೆ ಏಪ್ರಿಲ್‌ನ ಸೆಕೆಯಲ್ಲಿ ಫಲಕ ಕಾದಷ್ಟೂ ಉತ್ಪಾದನೆ ತಾನಾಗಿಯೇ ತಗ್ಗುವುದರಿಂದ, ಇಳಿಕೆಯನ್ನೆಲ್ಲ ಧೂಳಿನ ಲೆಕ್ಕಕ್ಕೆ ಹಾಕುವುದು ಸರಿಯಲ್ಲ. ಇನ್ವರ್ಟರ್ ಫಲಕಗಳ ಪ್ರತಿ ಸಾಲಿನ ಕರೆಂಟನ್ನು ಬೇರೆಯಾಗಿ ತೋರಿಸುವಂತಿದ್ದರೆ, ಒಂದೇ ದಿಕ್ಕಿಗೆ ಮುಖಮಾಡಿದ ಎರಡು ಸಾಲುಗಳಲ್ಲಿ ಒಂದನ್ನು ಮಾತ್ರ ತೊಳೆದು, ಮಧ್ಯಾಹ್ನದ ಹೊತ್ತಿಗೆ ಎರಡನ್ನೂ ಹೋಲಿಸಿದಾಗ ಧೂಳಿನ ಪಾಲೆಷ್ಟೆಂಬುದು ಸ್ಪಷ್ಟವಾಗುತ್ತದೆ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಲ್ಲಿ ನನಗೆ ಹೆಚ್ಚು ನಂಬಿಕೆಯಿರುವುದು ಇದರಲ್ಲೇ.

ಅಂಕಿಗಳ ಜೊತೆಗೆ ಕಣ್ಣೂ ಬೇಕು. ಓರೆ ಕಡಿಮೆಯಿರುವ ಫಲಕಗಳಲ್ಲಿ ಮಳೆನೀರು ಚೌಕಟ್ಟಿನ ಕೆಳಅಂಚಿನಲ್ಲಿ ನಿಂತು ಆರಿ, ಬೆರಳಗಲದ ಕೆಸರಿನ ಪಟ್ಟಿಯನ್ನು ಉಳಿಸುತ್ತದೆ. ದೂರದಿಂದ ಫಲಕ ಫಳಫಳನೆ ಹೊಳೆಯುತ್ತಿದ್ದರೂ ಆ ಪಟ್ಟಿ ಫಲಕದ ಕೆಳಸಾಲಿನ ಕೋಶಗಳನ್ನು (ಬಿಸಿಲಿನಿಂದ ವಿದ್ಯುತ್ ತಯಾರಿಸುವ ಚಿಕ್ಕ ಬಿಲ್ಲೆಗಳನ್ನು) ಮುಚ್ಚಿರುತ್ತದೆ. ಪಾರಿವಾಳದ ಹಿಕ್ಕೆ ಒಂದೇ ಕೋಶವನ್ನು ಮರೆಮಾಡಿದರೂ ಆ ಜಾಗ ವಿಪರೀತ ಬಿಸಿಯಾಗಿ ಹಾಳಾಗಬಹುದಾದ್ದರಿಂದ, ಅಂಕಿ ಇಳಿಯುವವರೆಗೆ ಕಾಯದೆ ಅದನ್ನು ತೆಗೆಯಬೇಕು. ತೊಳೆಯುವುದು ಬೆಳಗಿನ ತಂಪಿನಲ್ಲೇ ಆಗಲಿ. ಬೋರ್‌ವೆಲ್ಲಿನ ಗಡಸು ನೀರು ಬಿಳಿ ಕಲೆ ಬಿಡುವುದರಿಂದ ಮಳೆಕೊಯ್ಲಿನ ನೀರೇ ಲೇಸು.